ಚಾದರ ಹೊದ್ದು ಕುಳಿತ ಯಂತ್ರ

ಬನದ ಹುಣ್ಣಿಮೆ ಕಳೆದು ಒಂದು ವಾರವಾಗಿತ್ತು. ಬನಶಂಕರಿ ಜಾತ್ರೆಯ ಊಟದ ಅಂಗಡಿಗಳಿಗೆ, ನಾಟಕ ಕಂಪನಿಯ ಅಡುಗೆಮನೆಗೆ ರೊಟ್ಟಿ ಕಳಿಸಿ ಕಳಿಸಿ ನನ್ನ ಸೊಂಟ ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ಆ ಮಧ್ಯಾಹ್ನ ಎದುರು ಸಾಲಿನ ಮನೆಯ ಸೊಸೆ ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಬಂದಳು. ಚಹಾ ಆರುವ ಮೊದಲೇ ಕೇಳಿದಳು:

"ಅಕ್ಕಾ, ನಿಮಗೆ ಸಬ್ಸಿಡಿ ಎಷ್ಟು ಸಿಕ್ಕಿತು?"

"ನಾಲ್ಕು ಲಕ್ಷ" ಎಂದೆ.

ಅವಳ ಮುಖ ಅರಳಿತು. ಆಮೇಲೆ ಅವಳ ಕಣ್ಣು ಒಳಗಿನ ಖೋಲಿಯ ಮೂಲೆಗೆ ಹೋಯಿತು. "ಅದೇನು ಅಕ್ಕಾ, ಚಾದರ ಹೊದಿಸಿ ಇಟ್ಟಿದ್ದೀರಿ?"

ಆ ನಾಲ್ಕು ಲಕ್ಷದಲ್ಲಿ ಒಂದು ಪಾಲು ಅಲ್ಲೇ ಆ ಚಾದರದ ಕೆಳಗೆ ಕುಳಿತಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಹಳೆಯ ಸಾಮಾನು ಎಂದೆ. ಅವಳಿಗೆ ಅರೆಬರೆ ಹೇಳಿ ಕಳಿಸಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ವರ್ಷಕ್ಕೆ ಹತ್ತು ಹನ್ನೆರಡು ಜನರಾದರೂ ಹೀಗೆ ಫೈಲು ಹಿಡಿದು ಬರುತ್ತಾರೆ. ಎಲ್ಲರ ಮೊದಲ ಪ್ರಶ್ನೆಯೂ ಅದೇ.

ಮೊದಲು ನಮ್ಮ ಅಪ್ಪನ ಅಂಗಡಿಯ ವಿಷಯ. ಇದಕ್ಕೂ ರೊಟ್ಟಿಗೂ ಏನು ಸಂಬಂಧ ಎನ್ನಬೇಡಿ, ಇದೆ.

ನಾನು ಹುಟ್ಟಿ ಬೆಳೆದದ್ದು ಹಳೆ ಬಾಗಲಕೋಟೆಯಲ್ಲಿ. ಅಪ್ಪನದು ಕಿರಾಣಿ ಅಂಗಡಿ, ಎರಡು ಬಾಗಿಲಿನದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ತಗ್ಗಿನ ಓಣಿಗಳನ್ನು ಒಂದೊಂದಾಗಿ ನುಂಗುತ್ತದೆ ಎಂದು ಗೊತ್ತಾದ ಮೇಲೆ ಅಳತೆಯವರು ಬಂದರು. ಟೇಪು ಹಿಡಿದು ಗೋಡೆ ಅಳೆದರು. ಬಾಗಿಲು, ಕಿಟಕಿ, ಜಂತಿ ಎಣಿಸಿದರು. ಮಣ್ಣಿನ ಮಾಳಿಗೆ ಎಷ್ಟು ಚದರ ಎಂದು ಬರೆದುಕೊಂಡರು. ಅಪ್ಪನ ಹತ್ತಿರ ಕೆಂಪು ಬಟ್ಟೆಯ ರಟ್ಟಿನ ಉದ್ರಿ ಖಾತೆಯ ಪುಸ್ತಕವೊಂದಿತ್ತು. ಮೂವತ್ತು ವರ್ಷ ಕೂಡಿಸಿದ ಗಿರಾಕಿಗಳೆಲ್ಲ ಅದರಲ್ಲಿದ್ದರು. ಅದನ್ನು ಯಾರೂ ತೆರೆದು ನೋಡಲಿಲ್ಲ.

ಗೋಡೆಗೆ ಪರಿಹಾರ ಬಂತು, ಗಿರಾಕಿಗಳಿಗೆ ಬರಲಿಲ್ಲ. ನವನಗರದಲ್ಲಿ ನಿವೇಶನ ಸಿಕ್ಕಿತು, ಮನೆ ಎದ್ದಿತು, ಮನೆಯ ಮುಂದೆ ಅಂಗಡಿಯ ಖೋಲಿಯೂ ಎದ್ದಿತು. ಆದರೆ ಒಂದು ಓಣಿಯ ಜನ ಹತ್ತು ಸೆಕ್ಟರಿಗೆ ಹಂಚಿಹೋಗಿದ್ದರು. ಅಗಲ ರಸ್ತೆ, ದೂರ ದೂರದ ಮನೆ. ಸಂಜೆ ಒಂದು ಪಾವು ಸಕ್ಕರೆಗೆ ಅಷ್ಟು ದೂರ ನಡೆದು ಬರುವವರು ಯಾರು? ಅಪ್ಪ ಸೈಕಲ್ ತುಳಿದು ಸೆಕ್ಟರ್ ಸೆಕ್ಟರ್ ಅಲೆದು ಹಳೆಯ ಉದ್ರಿ ವಸೂಲಿ ಮಾಡಲು ನೋಡಿದ. ಮೂರು ವರ್ಷದಲ್ಲಿ ಅಂಗಡಿ ಮುಚ್ಚಿದ. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ.

ಟೇಪಿಗೆ ಸಿಗುವುದನ್ನು ಸರ್ಕಾರ ನೋಡುತ್ತದೆ, ಟೇಪಿಗೆ ಸಿಗದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ; ಸಿಟ್ಟು ಅಪ್ಪನ ಜೊತೆಗೇ ಹೋಯಿತು. ಆದರೆ ಇಪ್ಪತ್ತು ವರ್ಷದ ನಂತರ ನನ್ನದೇ ಉದ್ಯಮಕ್ಕೆ ಸರ್ಕಾರದ ಸಹಾಯ ಬಂದಾಗ ಮತ್ತೆ ಅದೇ ಟೇಪನ್ನು ಕಂಡೆ.

ರೊಟ್ಟಿಯ ಕೆಲಸ ಶುರುವಾದದ್ದು ನನ್ನ ಅತ್ತೆಯ ಕೈಯಿಂದ. 2014ರಲ್ಲಿ ಒಂದು ಖಾನಾವಳಿಯವರು ದಿನಕ್ಕೆ ನೂರು ಖಡಕ್ ರೊಟ್ಟಿ ಕೇಳಿದರು. ಅತ್ತೆ ಬಡಿಯುವವರು, ನಾನು ಬೇಯಿಸುವವಳು, ನಮ್ಮ ಮನೆಯವರು ತಮ್ಮ ಟಂಟಂನಲ್ಲಿ ಒಯ್ದು ಕೊಡುವವರು. ಮೊದಲ ಆರು ತಿಂಗಳು ಅಂಗಡಿಯಿಂದ ಹತ್ತು ಹತ್ತು ಕಿಲೋ ಜೋಳ ತಂದು ಬೀಸಿಸಿದೆವು. ಹಾಗೆ ತಂದರೆ ಉಳಿಯುವುದು ಬೂದಿ ಮಾತ್ರ. ಆಗ ಕೈಹಿಡಿದದ್ದು ನಮ್ಮ ಸ್ತ್ರೀಶಕ್ತಿ ಸಂಘ. ರಾಜ್ಯ ಸರ್ಕಾರ 2000–01ರಲ್ಲಿ ಶುರು ಮಾಡಿದ ಯೋಜನೆ ಅದು. ವಾರ ವಾರ ಉಳಿತಾಯ ಕಟ್ಟಿ, ಅದೇ ದುಡ್ಡಿನಿಂದ ಮತ್ತು ಬ್ಯಾಂಕಿನಿಂದ ಬಂದ ಸಾಲದಿಂದ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು. ನನಗೆ ಇಪ್ಪತ್ತು ಸಾವಿರ ಸಿಕ್ಕಿತು, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಸುಗ್ಗಿಯಲ್ಲಿ ಎಂಟು ಚೀಲ ಬಿಳಿ ಜೋಳ ತಂದು ಹಾಕಿದೆ. ಯಾವ ಯಂತ್ರ ಕೊಳ್ಳುತ್ತೀರಿ ಎಂದು ಯಾರೂ ಕೇಳಲಿಲ್ಲ. ಕೊಟೇಶನ್ ಇಲ್ಲ, ಫೋಟೊ ಇಲ್ಲ. ಅಷ್ಟರಿಂದಲೇ ನೂರರ ವ್ಯಾಪಾರ ಮುನ್ನೂರೈವತ್ತಕ್ಕೆ ಏರಿತು.

ರೊಟ್ಟಿಯ ಲೆಕ್ಕ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಈಗ ನಮ್ಮಲ್ಲಿ ಆರು ಹೆಣ್ಣುಮಕ್ಕಳು ಬಡಿಯುತ್ತಾರೆ, ಒಬ್ಬೊಬ್ಬರು ದಿನಕ್ಕೆ ಇನ್ನೂರು. ಒಟ್ಟು ಸಾವಿರದ ಇನ್ನೂರು ರೊಟ್ಟಿ. ಕಿಲೋ ಹಿಟ್ಟಿಗೆ ಹದಿನೈದರಂತೆ ದಿನಕ್ಕೆ ಎಂಬತ್ತು ಕಿಲೋ ಜೋಳ ಬೇಕು. ತಿಂಗಳಿಗೆ 26 ದಿನ ಹಿಡಿದರೆ ಇಪ್ಪತ್ತೊಂದು ಕ್ವಿಂಟಲ್ ಸಮೀಪ. ರೊಟ್ಟಿಗೆ ಎರಡು ರೂಪಾಯಿ ಕೂಲಿ. ಸಗಟಿನಲ್ಲಿ ಏಳು ರೂಪಾಯಿಗೆ ಕೊಡುತ್ತೇನೆ. ಜೋಳ ಕಿಲೋಗೆ ನಲವತ್ತಿದ್ದರೆ ರೊಟ್ಟಿಯ ಹೊಟ್ಟೆಯಲ್ಲಿ ಎರಡು ರೂಪಾಯಿ ಅರವತ್ತೇಳು ಪೈಸೆಯ ಜೋಳ ಇರುತ್ತದೆ. ಗ್ಯಾಸು, ಕಾಗದ, ಡೀಸೆಲ್ ತೆಗೆದು ಉಳಿಯುವುದು ಒಂದೂವರೆ ರೂಪಾಯಿಯೂ ಇಲ್ಲ.

ಈಗ ಜೋಳ ಕಿಲೋಗೆ ಹತ್ತು ರೂಪಾಯಿ ಏರಿತು ಎನ್ನೋಣ. ಮಳೆಗಾಲದಲ್ಲಿ ಹೀಗೆ ಏರುವುದು ನಮಗೆ ಹೊಸದಲ್ಲ. ರೊಟ್ಟಿಗೆ ಅರವತ್ತೇಳು ಪೈಸೆ ಹೋಯಿತು. ಕೇಳಲು ಸಣ್ಣದು. ತಿಂಗಳಿಗೆ ಗುಣಿಸಿದರೆ ಇಪ್ಪತ್ತು ಸಾವಿರದ ಮೇಲೆ. ಖಾನಾವಳಿಯವರಿಗೆ ಎಂಟಾಣೆ ಹೆಚ್ಚು ಕೇಳಿದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಆದ್ದರಿಂದ ರೊಟ್ಟಿಯ ವ್ಯಾಪಾರ ನಿಂತಿರುವುದು ಹಂಚಿನ ಮೇಲೆ ಅಲ್ಲ, ಸುಗ್ಗಿಯ ಎರಡು ತಿಂಗಳಲ್ಲಿ ಕೈಯಲ್ಲಿ ಎಷ್ಟು ದುಡ್ಡು ಇದೆ ಎನ್ನುವುದರ ಮೇಲೆ. ನಮ್ಮ ದೊಡ್ಡವ್ವನ ಕಾಲದಲ್ಲಿ ನೆಲದೊಳಗೆ ತೋಡಿದ ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಮನೆಯ ಗಟ್ಟಿತನವನ್ನು ಹಗೇವಿನಿಂದ ಅಳೆಯುತ್ತಿದ್ದರು, ಹಂಚಿನಿಂದ ಅಲ್ಲ.

ಇಷ್ಟು ಲೆಕ್ಕ ಇಟ್ಟುಕೊಂಡು ದೊಡ್ಡ ಯೋಜನೆಗೆ ಬರುತ್ತೇನೆ.

ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆ ಪಿಎಂಎಫ್ಎಂಇ. ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ಸಬ್ಸಿಡಿ. ನಮ್ಮ ರಾಜ್ಯ ತನ್ನ ಶೇ. 15 ಸೇರಿಸಿ ಅದನ್ನು ಶೇ. 50, ಗರಿಷ್ಠ 15 ಲಕ್ಷ ಮಾಡಿದೆ. ಜಿಲ್ಲೆಗೊಂದು ಬೆಳೆಯನ್ನೂ ಗುರುತಿಸಿದ್ದಾರೆ: ಬೆಳಗಾವಿಗೆ ಬೆಲ್ಲ, ವಿಜಯಪುರಕ್ಕೆ ನಿಂಬೆ, ನಮಗೆ ಉಳ್ಳಾಗಡ್ಡಿ. ನನ್ನದು ಮೊದಲಿನಿಂದ ನಡೆಯುತ್ತಿದ್ದ ಘಟಕವಾದ್ದರಿಂದ ರೊಟ್ಟಿಯನ್ನು ಹಿಡಿದೇ ಅರ್ಜಿ ಹಾಕಲು ಅಡ್ಡಿಯಾಗಲಿಲ್ಲ. ಅರ್ಜಿ ತುಂಬಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂದು ಒಬ್ಬರಿರುತ್ತಾರೆ. ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ, ನಾವು ಕೊಡಬೇಕಾಗಿಲ್ಲ. ನನಗೆ ಸಿಕ್ಕ ಹುಡುಗ ಒಳ್ಳೆಯವನು. ಮನೆಗೆ ನಾಲ್ಕು ಸಲ ಬಂದ, ಅತ್ತೆಯ ಕೈಯ ರೊಟ್ಟಿ ತಿಂದ, ಒಂದು ರೂಪಾಯಿ ಮುಟ್ಟಲಿಲ್ಲ.

(ಸಣ್ಣ ಉದ್ಯಮಗಳು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಯೂ ಪೂರ್ತಿ ಉಚಿತ. ಅದು ಗೊತ್ತಿಲ್ಲದೆ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸಾವಿರದ ಐನೂರು ಕೊಟ್ಟು ಬಂದೆ. ಹೀಗೆ ಕೊಟ್ಟವರು ನಮ್ಮ ಸಂಘದಲ್ಲಿಯೇ ಐದು ಜನ.)

ಯೋಜನಾ ವರದಿ ಎಂಟು ಲಕ್ಷದ್ದಾಯಿತು. ಹಿಟ್ಟಿನ ಗಿರಣಿ, ಹಿಟ್ಟು ನಾದುವ ಯಂತ್ರ, ರೊಟ್ಟಿ ಒತ್ತುವ ಯಂತ್ರ, ಪಾಕೀಟು ಮುಚ್ಚುವ ಯಂತ್ರ, ಒಂದಿಷ್ಟು ಕಟ್ಟಡದ ಕೆಲಸ. ಕಟ್ಟಡದ ಪಾಲು ಶೇ. 30 ದಾಟಬಾರದು ಎಂಬ ಮಿತಿ ಇತ್ತು. ನಾನು ಕೇಳಿದೆ: "ಇದರಲ್ಲಿ ಜೋಳಕ್ಕೆ ಎಷ್ಟು ಹಾಕಿದ್ದೀಯಪ್ಪಾ?" ಅವನು ತಲೆ ಕೆರೆದುಕೊಂಡ. ಸಬ್ಸಿಡಿಯ ಲೆಕ್ಕಕ್ಕೆ ಜೋಳ ಬರುವುದಿಲ್ಲ ಅಕ್ಕಾ, ಯಂತ್ರ ಮತ್ತು ಕಟ್ಟಡ ಬರುತ್ತವೆ ಎಂದ. ಆ ಮಾತು ಕೇಳುತ್ತಿದ್ದಂತೆ ಅಪ್ಪನ ಕೆಂಪು ಪುಸ್ತಕ ನೆನಪಾಯಿತು.

ರೊಟ್ಟಿ ಒತ್ತುವ ಯಂತ್ರ ನಾನು ಕೇಳಿದ್ದಲ್ಲ. ಮಾದರಿ ವರದಿಯಲ್ಲಿ ಇತ್ತು, ಹಾಗೇ ಉಳಿಯಿತು. ಡೀಲರ್ ಬೇರೆ, "ಅರ್ಧ ದುಡ್ಡು ಸರ್ಕಾರದ್ದು, ನಿಮಗೇನು ಭಾರ?" ಎಂದ. ಹಿಟ್ಟು ನಾದುವ ಯಂತ್ರವನ್ನೇ ನೋಡಿ: ನಗದು ಕೊಟ್ಟು ಬೇರೆ ಊರಿನಲ್ಲಿ ಕೊಂಡವರಿಗೆ ನನಗಿಂತ ಹದಿನೆಂಟು ಸಾವಿರ ಕಡಿಮೆಗೆ ಸಿಕ್ಕಿದೆ. ಸಬ್ಸಿಡಿ ಬರುತ್ತದೆ ಎಂಬ ವಾಸನೆ ಹತ್ತಿದೊಡನೆ ಬೆಲೆಯೂ ಹಿಟ್ಟಿನ ಹಾಗೆ ಉಬ್ಬುತ್ತದೆ. ಆ ಉಬ್ಬಿದ ಪಾಲು ನನ್ನದೂ ಅಲ್ಲ, ಸರ್ಕಾರದ್ದೂ ಅಲ್ಲ.

ಬ್ಯಾಂಕಿನ ಕಥೆ ಉದ್ದ ಮಾಡುವುದಿಲ್ಲ. ಐದು ತಿಂಗಳು, ಹದಿನಾಲ್ಕು ಸಲ ಓಡಾಟ. ಮನೆಯ ಉತಾರ (ಆಸ್ತಿಯ ದಾಖಲೆ) ತಂದು ಅಡವಿಡಿ ಎಂದರು. ಸಣ್ಣ ಉದ್ಯಮಕ್ಕೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡವು ಕೇಳಬಾರದು ಎಂದು ಆಗ ರಿಸರ್ವ್ ಬ್ಯಾಂಕಿನ ನಿಯಮವೇ ಇತ್ತು. ಮಗಳು ಅದನ್ನು ಮುದ್ರಿಸಿ ಕೈಗೆ ಕೊಟ್ಟಳು. ನಾನು ಮೇಜಿನ ಮೇಲಿಟ್ಟು, "ಸಾಹೇಬರೇ, ಇದನ್ನು ಒಮ್ಮೆ ಓದಿ" ಎಂದೆ. ಅವರು ಓದಲಿಲ್ಲ, ಆದರೆ ಉತಾರದ ಮಾತನ್ನೂ ಮತ್ತೆ ಎತ್ತಲಿಲ್ಲ. 2023ರ ಫೆಬ್ರುವರಿಯಲ್ಲಿ ಸಾಲ ಮಂಜೂರಾಯಿತು: ನನ್ನ ಕೈಯಿಂದ 80 ಸಾವಿರ, ಬ್ಯಾಂಕಿನದು 7 ಲಕ್ಷದ 20 ಸಾವಿರ. ಏಪ್ರಿಲ್‌ನಲ್ಲಿ ಯಂತ್ರ ಬಂದವು. ಸಬ್ಸಿಡಿ ಬಂದದ್ದು ನವೆಂಬರ್‌ನಲ್ಲಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಸಬ್ಸಿಡಿ ನಮ್ಮ ಕೈಗೆ ಬರುವುದಿಲ್ಲ. ನಮ್ಮ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಮೂರು ವರ್ಷ ಕಟ್ಟಿಹಾಕಿದ ಎಮ್ಮೆಯ ಹಾಗೆ ನಿಂತಿರುತ್ತದೆ. ಅಷ್ಟರ ಮಟ್ಟಿಗೆ ಬಡ್ಡಿ ಹಾಕುವುದಿಲ್ಲ, ನಿಜ. ಮೂರು ವರ್ಷ ಕಂತು ತಪ್ಪದೆ, ಘಟಕ ನಡೆಯುತ್ತಿದ್ದರೆ ಕೊನೆಗೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯತನಕ ಹಾಲು ಕರೆಯುವ ಹಾಗಿಲ್ಲ. ನನ್ನ ಕಂತು ತಿಂಗಳಿಗೆ ಹನ್ನೆರಡು ಸಾವಿರದ ಮೇಲೆ. "ನಾಲ್ಕು ಲಕ್ಷ ಸಿಕ್ಕಿತು" ಎಂದು ನಾನು ಹೇಳುವುದು ಕೂಡ ಅರ್ಧ ಸುಳ್ಳೇ. ಸಿಗುವುದು ಆ ಮೂರು ವರ್ಷ ತುಂಬಿದ ಮೇಲೆ.

ಯಂತ್ರಗಳಲ್ಲಿ ಯಾವುದು ಕೆಲಸಕ್ಕೆ ಬಂತು? ನಾದುವ ಯಂತ್ರ ಚಿನ್ನ. ಬಿಸಿ ಎಸರು ಹಾಕಿ ಹಿಟ್ಟು ನಾದಿ ನಾದಿ ಅತ್ತೆಯ ಮಣಿಕಟ್ಟು ಸವೆದುಹೋಗಿತ್ತು. ಆ ಕೆಲಸವನ್ನು ಯಂತ್ರ ಹೊತ್ತುಕೊಂಡಿತು. ಮನೆಯಲ್ಲಿ ಗಿರಣಿ ಬಂದ ಮೇಲೆ ಹಿಟ್ಟು ಹೊಸದಾಗಿ ಸಿಗುತ್ತದೆ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಈ ಎರಡು ಇಲ್ಲದಿದ್ದರೆ ಮುನ್ನೂರೈವತ್ತರಿಂದ ಸಾವಿರದ ಇನ್ನೂರಕ್ಕೆ ಏರುವುದು ನನ್ನಿಂದ ಆಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳದಿದ್ದರೆ ಅನ್ನಕ್ಕೆ ದ್ರೋಹ.

ಒತ್ತುವ ಯಂತ್ರದ ಪಾಡೇ ಬೇರೆ. ಗೋಧಿಗೆ ಅಂಟು ಇದೆ, ಒತ್ತಿದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಕೈಯಲ್ಲಿ ತಟ್ಟಿ, ತಿರುಗಿಸಿ, ಅಂಚನ್ನು ಬೆರಳಿನಿಂದ ಕೂಡಿಸಿ ಕೂಡಿಸಿ ತೆಳುವಾಗಿಸಬೇಕು. ಯಂತ್ರ ಒತ್ತಿದ ರೊಟ್ಟಿ ದಪ್ಪ. ಒಣಗಿದ ಮೇಲೆ ಹಪ್ಪಳದ ಹಾಗೆ ಮುರಿಯುವುದಿಲ್ಲ, ಹೆಂಚಿನ ಚೂರಿನ ಹಾಗೆ ಒಡೆಯುತ್ತದೆ. ಮೊದಲ ದಿನ ಇನ್ನೂರು ಕಳಿಸಿದ್ದೆ. ಖಾನಾವಳಿಯ ಮಾಲೀಕರು ಫೋನ್ ಮಾಡಿ, "ಅಕ್ಕಾ, ಇವತ್ತು ಯಾರು ಸಿಟ್ಟಿನಲ್ಲಿ ರೊಟ್ಟಿ ಮಾಡಿದ್ದಾರೆ?" ಎಂದು ಕೇಳಿದರು. ಆವತ್ತೇ ಚಾದರ ಹೊದಿಸಿದೆ. ಈ ನಡುವೆ ಒಂದು ವಸತಿ ನಿಲಯಕ್ಕೆ ಚಪಾತಿ ಬೇಕಾದಾಗ ಎರಡು ತಿಂಗಳು ಕೆಲಸ ಮಾಡಿತು. ಉಳಿದಂತೆ ತಪಾಸಣೆಗೆ ಯಾರಾದರೂ ಬಂದಾಗ ಚಾದರ ತೆಗೆದು, ಒರೆಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇನೆ. ಫೋಟೊಗಳಲ್ಲಿ ನಾನು ಯಾವಾಗಲೂ ಆ ಯಂತ್ರದ ಜೊತೆಗೇ ಇದ್ದೇನೆ. ಬಡಿಯುವ ಆರು ಜನ ಒಂದು ಫೋಟೊದಲ್ಲಿಯೂ ಇಲ್ಲ.

ಈಗ ಇನ್ನೊಂದು ಮಗ್ಗುಲು. ನನ್ನ ಉದ್ಯಮಕ್ಕೆ ಉಪಯೋಗವಾದ ಸರ್ಕಾರದ ಕೆಲವು ಸಹಾಯಗಳಿಗೆ ಉದ್ಯಮದ ಹೆಸರೇ ಇಲ್ಲ.

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಯಾವ ಪಕ್ಷ, ಯಾವ ಗ್ಯಾರಂಟಿ ಎಂಬ ವಾದ ನನಗೆ ಬೇಡ. ನನ್ನ ಅಡುಗೆಮನೆಯಲ್ಲಿ ಏನಾಯಿತು ಎಂದಷ್ಟೇ ಹೇಳುತ್ತೇನೆ. ಬಡಿಯುವವರಲ್ಲಿ ನಾಲ್ಕು ಜನ ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ. ಹೋಗಿ ಬರಲು ನಲವತ್ತು ರೂಪಾಯಿ ಆಗುತ್ತಿತ್ತು. ದಿನದ ಕೂಲಿ ನಾನೂರು. ಹತ್ತರಲ್ಲಿ ಒಂದು ಪಾಲು ಬಸ್ಸಿಗೆ. ಅದಕ್ಕೇ ಅವರು ವಾರದಲ್ಲಿ ನಾಲ್ಕು ದಿನ ಬಂದು ಎರಡು ದಿನ ಊರಲ್ಲೇ ಕಳೆ ಕೀಳಲು ಹೋಗುತ್ತಿದ್ದರು. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ನಿಂತು ನೋಡುವುದೇ ನನ್ನ ದಿನಚರಿಯಾಗಿತ್ತು. ಟಿಕೆಟ್ ಹೋದ ಮೇಲೆ ಆರೂ ದಿನ ಬರುತ್ತಾರೆ. ಯಂತ್ರ ಬಂದದ್ದು ಏಪ್ರಿಲ್‌ನಲ್ಲಿ, ಸಾವಿರ ರೊಟ್ಟಿ ದಾಟಿದ್ದು ಜುಲೈನಲ್ಲಿ. ನಡುವೆ ಏನು ಬದಲಾಯಿತು ಎಂದು ಲೆಕ್ಕ ಹಾಕಿದರೆ ನಾದುವ ಯಂತ್ರಕ್ಕೆ ಎಷ್ಟು ಪಾಲು ಕೊಡಬೇಕೋ ಬಸ್ಸಿಗೂ ಅಷ್ಟೇ ಕೊಡಬೇಕು.

ಅದೇ ವರ್ಷ ಗೃಹಲಕ್ಷ್ಮಿ ಬಂತು, ಮನೆಯೊಡತಿಗೆ ತಿಂಗಳಿಗೆ 2,000. ನಮ್ಮ ಹೆಣ್ಣುಮಕ್ಕಳು ಏನು ಮಾಡಿದರು? ಅಕ್ಕಪಕ್ಕದವರನ್ನೂ ಸೇರಿಸಿ ಹನ್ನೆರಡು ಜನರ ಭಿಶಿ (ಚೀಟಿ) ಶುರು ಮಾಡಿದರು. ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ ಒಬ್ಬರಿಗೆ. 2024ರ ಸುಗ್ಗಿಯಲ್ಲಿ ನನ್ನ ಕೈ ಬರಿದಾಗಿತ್ತು. ಭಿಶಿ ಎತ್ತಿದ ಇಬ್ಬರು, ನನ್ನಲ್ಲಿ ದಿನಗೂಲಿ ಮಾಡುವವರೇ, ತಮ್ಮ ಪಾಲನ್ನು ನನಗೆ ಕೈಗಡವಾಗಿ ಕೊಟ್ಟರು. ನಲವತ್ತೆಂಟು ಸಾವಿರ. ಅದರಿಂದ ಹನ್ನೆರಡು ಕ್ವಿಂಟಲ್ ಜೋಳ ಬಂತು. ಕೂಲಿಯವರು ಮಾಲಕಿಗೆ ಬಂಡವಾಳ ಹಾಕಿದ್ದನ್ನು ಯಾವ ಯೋಜನಾ ವರದಿಯಲ್ಲಿ ಬರೆಯುತ್ತಾರೆ? ಸರ್ಕಾರ ಮುಂಬಾಗಿಲಿನಿಂದ ಕೊಡದ ಜೋಳದ ದುಡ್ಡನ್ನು ಹಿತ್ತಿಲ ಬಾಗಿಲಿನಿಂದ ಕಳಿಸಿತ್ತು, ತನಗೇ ಗೊತ್ತಿಲ್ಲದೆ. ಹಣ ಜಮೆಯಾಗುವುದು ತಡವಾದ ತಿಂಗಳು ಭಿಶಿಯೂ ತಡ, ಜೋಳವೂ ತಡ. ಆದರೂ ಬಂತು.

ಮೂರನೆಯದು ಕಾಗದದ ಮೇಲಿನ ಕಾನೂನು. ಒಬ್ಬ ಕ್ಯಾಂಟೀನ್ ಗುತ್ತಿಗೆದಾರರಿಂದ ನನಗೆ ಒಂದು ಲಕ್ಷದ ಹನ್ನೆರಡು ಸಾವಿರ ಬರಬೇಕಿತ್ತು. ಇವತ್ತು, ನಾಳೆ, ಅಮಾವಾಸ್ಯೆ, ಹಬ್ಬ ಎಂದು ಐದು ತಿಂಗಳು ತಳ್ಳಿದರು. 2006ರ ಕಾಯಿದೆಯ ಪ್ರಕಾರ ಕಿರು, ಸಣ್ಣ ಉದ್ಯಮಕ್ಕೆ ಒಪ್ಪಂದವಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಆಗ ಸಮಾಧಾನ್ ಎಂಬ ಜಾಲತಾಣವೂ ಇತ್ತು. ಮಗಳು ದೂರು ಹಾಕು ಎಂದಳು. ನಾನು ಹಾಕಲಿಲ್ಲ. ದಿನಕ್ಕೆ ಇನ್ನೂರೈವತ್ತು ರೊಟ್ಟಿ ಕೊಳ್ಳುವವರ ಮೇಲೆ ದೂರು ಕೊಟ್ಟು ಮರುದಿನ ಆ ಇನ್ನೂರೈವತ್ತನ್ನು ಎಲ್ಲಿ ಮಾರುವುದು?

ಹೀಗಿರುವಾಗ 2024ರ ಮಾರ್ಚ್ ಕೊನೆಯ ವಾರ ಅವರದೇ ಫೋನ್ ಬಂತು. "ಅಕ್ಕಾ, ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ, ನಮ್ಮ ಆಡಿಟರ್ ಕೇಳುತ್ತಿದ್ದಾರೆ." ಎರಡು ದಿನದಲ್ಲಿ ಪೂರ್ತಿ ದುಡ್ಡು ಜಮೆ. ಆದಾಯ ತೆರಿಗೆ ಕಾಯಿದೆಗೆ 43ಬಿ(ಎಚ್) ಎಂಬ ಒಂದು ಸಾಲು ಸೇರಿಸಿದ್ದರಂತೆ: ಕಿರು, ಸಣ್ಣ ತಯಾರಕರಿಗೆ ಕಾಯಿದೆಯ ಅವಧಿಯೊಳಗೆ ದುಡ್ಡು ಕೊಡದೆ ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡರೆ ಕೊಳ್ಳುವವರು ಆ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ನಾನು ಐದು ತಿಂಗಳು ಬೇಡಿದ್ದನ್ನು ಆ ಒಂದು ಸಾಲು ಎರಡು ದಿನದಲ್ಲಿ ಮಾಡಿತು. ಸರ್ಕಾರದ ಖಜಾನೆಯಿಂದ ನಯಾಪೈಸೆ ಖರ್ಚಾಗಲಿಲ್ಲ, ಯಾರೂ ಫೋಟೊ ತೆಗೆಯಲು ಬರಲಿಲ್ಲ. ಎಲ್ಲ ಸಿಹಿಯೇ ಎಂದು ತಿಳಿಯಬೇಡಿ. ಇನ್ನೊಬ್ಬ ಗಿರಾಕಿ ಮರುತಿಂಗಳೇ, "ನಿಮ್ಮ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಬೇಡಿ" ಎಂದರು. ಹಾಕಿಯೇ ಕೊಟ್ಟೆ. ಅವರು ಈಗ ಬೇರೆಯವರಿಂದ ಕೊಳ್ಳುತ್ತಾರೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬರುತ್ತಿವೆ ಎಂಬ ಸುದ್ದಿ ಹಬ್ಬಿದಾಗ ನಮ್ಮ ಖಾನಾವಳಿಯವರು ಗೋಡೆಯ ಮೇಲಿನ ಕ್ಯೂಆರ್ ಚೀಟಿ ಕಿತ್ತುಹಾಕಿದರು. ನನ್ನ ವರ್ಷದ ವಹಿವಾಟು 26 ಲಕ್ಷದ ಆಸುಪಾಸು, ಸರಕಿನ ಮಿತಿ 40 ಲಕ್ಷ, ನನಗೇನೂ ಆಗಬೇಕಿರಲಿಲ್ಲ. ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಯ ಮೇಲಿನ ಶೇ. 5ರ ಜಿಎಸ್‌ಟಿಯನ್ನೇ ತೆಗೆದುಹಾಕಿದರು. ಹೆದರಿಕೆಯೂ ಸಮಾಧಾನವೂ ಎರಡೇ ತಿಂಗಳ ಅಂತರದಲ್ಲಿ ಬಂದವು. ಚೀಟಿ ಮಾತ್ರ ಇನ್ನೂ ಗೋಡೆಗೆ ವಾಪಸ್ ಬಂದಿಲ್ಲ.

ಸಬ್ಸಿಡಿಯನ್ನೇ ತೆಗೆದುಕೊಳ್ಳಬಾರದು ಎಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ಬನಶಂಕರಿಯ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಮೊಸರು, ಪುಂಡಿಪಲ್ಯ, ಕೆಂಪು ಚಟ್ನಿ ಕೊಡುವ ಹೆಂಗಸರನ್ನು ನೀವು ನೋಡಿರುತ್ತೀರಿ. ಅವರಿಗಿಂತ ರುಚಿಯಾದ ರೊಟ್ಟಿ ನನ್ನ ಕೈಯಲ್ಲಿ ಆಗುವುದಿಲ್ಲ. ನಾನು ಚಿಕ್ಕವಳಿದ್ದಾಗ ಕುಳಿತಿದ್ದ ಅಜ್ಜಿಯ ಜಾಗದಲ್ಲಿ ಈಗ ಅವಳ ಸೊಸೆ ಕುಳಿತಿದ್ದಾಳೆ, ಬುಟ್ಟಿಯ ಅಳತೆ ಮಾತ್ರ ಅಷ್ಟೇ ಇದೆ. ಸ್ವಾಭಿಮಾನದ ಬದುಕು ಎಂದು ದೂರದಿಂದ ಹೊಗಳುವುದು ಸುಲಭ. ಒಂದು ಗಿರಣಿ, ಒಂದಿಷ್ಟು ಜೋಳದ ದುಡ್ಡು ಸಿಕ್ಕಿದ್ದರೆ ಅವಳೂ ಬುಟ್ಟಿಯಿಂದ ಎದ್ದು ಅಂಗಡಿಗೆ ಬರುತ್ತಿದ್ದಳೇನೋ. ನನಗೆ ಸಿಕ್ಕಿತು, ಬಂದೆ.

2024ರ ಕೊನೆಗೆ ನಾನು ಮತ್ತೆ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಹೊಸಬರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಯಂತ್ರ ಬೇಡ, ಜೋಳಕ್ಕೆ ಮುದ್ರಾದಲ್ಲಿ ಮೂರು ಲಕ್ಷದ ಮಿತಿ ಕೊಡಿ, ಸುಗ್ಗಿಯಲ್ಲಿ ಎತ್ತುತ್ತೇನೆ, ಮಾರಿದಂತೆ ತುಂಬುತ್ತೇನೆ ಎಂದೆ. ಅವರು ಅಚ್ಚರಿಯಿಂದ ನೋಡಿ, "ಅದರಲ್ಲಿ ಸಬ್ಸಿಡಿ ಇಲ್ಲವಲ್ಲ, ಅಕ್ಕಾ?" ಎಂದರು. ಗೊತ್ತು ಎಂದೆ. ಮೂರು ವಾರದಲ್ಲಿ ಕೊಟ್ಟರು.

2025ರ ಫೆಬ್ರುವರಿ ಕೊನೆಗೆ ಹಿಂಗಾರಿಯ ಮಾಲದಂಡಿ ಜೋಳ ರಾಶಿಯಾಗಿ ಬರತೊಡಗಿದಾಗ ಅಡತಿಗೆ (ಕಾಳಿನ ದಲಾಲಿ ಅಂಗಡಿಗೆ) ಹೋಗಿ ನಗದು ಕೊಟ್ಟು ಎಪ್ಪತ್ತೈದು ಕ್ವಿಂಟಲ್ ಎತ್ತಿದೆ. ಆ ಹಂಗಾಮಿಗೆ ಸರ್ಕಾರ ಮಾಲದಂಡಿಗೆ ಹೇಳಿದ್ದ ಬೆಂಬಲ ಬೆಲೆ 3,421 ರೂಪಾಯಿ. ನಾನು ಕೊಟ್ಟದ್ದು ನಾಲ್ಕು ಸಾವಿರದ ಆಸುಪಾಸು. ಕಾಳು ನೋಡಿ, ಕಚ್ಚಿ ನೋಡಿ, ಚೀಲಕ್ಕೆ ಕೈ ಹಾಕಿ ತಳದಿಂದ ತೆಗೆದು ನೋಡಿ ಆರಿಸಿದೆ. ಉದ್ರಿಯಲ್ಲಿ ತರುವಾಗ ಹೀಗೆ ಆರಿಸುವ ಬಾಯಿ ಇರಲಿಲ್ಲ, ಕೊಟ್ಟದ್ದನ್ನು ತರಬೇಕಿತ್ತು. ಮನೆಗೆ ತಂದು ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹಾಕಿ ಡ್ರಮ್ಮುಗಳಲ್ಲಿ ತುಂಬಿದೆವು. ಅತ್ತೆ ಡ್ರಮ್ಮುಗಳ ಸಾಲು ನೋಡಿ, "ಇದು ನಿನ್ನ ಹಗೇವು" ಎಂದರು. ಮೂರೂವರೆ ತಿಂಗಳು, ಜೂನ್ ಮಧ್ಯದವರೆಗೆ, ನಾನು ಜೋಳದ ಧಾರಣೆ ಕೇಳಲೇ ಇಲ್ಲ.

ಮೊನ್ನೆ ಎದುರು ಸಾಲಿನ ಸೊಸೆ ಮತ್ತೆ ಬಂದಿದ್ದಳು. ಇಷ್ಟನ್ನೂ ಹೇಳಿದೆ. ನೀನು ಸಂಘದಲ್ಲಿದ್ದೀಯಲ್ಲ, ಅದೇ ಯೋಜನೆಯಲ್ಲಿ ಸಂಘದ ಸದಸ್ಯರಿಗೆ ದುಡಿಯುವ ಬಂಡವಾಳಕ್ಕೆ ಮತ್ತು ಸಣ್ಣ ಸಲಕರಣೆಗೆ ತಲೆಗೆ 40,000 ರೂಪಾಯಿವರೆಗೆ ಬೀಜಧನ ಇದೆ, ಅದರಿಂದ ಶುರು ಮಾಡು ಎಂದೆ. ಆ ಸಾಲು ಸುತ್ತೋಲೆಯಲ್ಲಿ ಎಲ್ಲೋ ಮೂಲೆಯಲ್ಲಿದೆ. ಯಾವ ಡೀಲರನೂ ಅದರ ಸುದ್ದಿ ಹೇಳುವುದಿಲ್ಲ, ಅದರಲ್ಲಿ ಅವನಿಗೆ ಮಾರುವುದೇನೂ ಇಲ್ಲ. ಅವಳು ತಲೆಯಾಡಿಸಿದಳು. ನನ್ನ ಯೋಜನಾ ವರದಿಯ ಪ್ರತಿ ಕೇಳಿದಳು. ಕೊಟ್ಟೆ, ರೊಟ್ಟಿ ಒತ್ತುವ ಯಂತ್ರದ ಸಾಲಿನ ಮೇಲೆ ಪೆನ್ಸಿಲ್ಲಿನಿಂದ ಗೀಟು ಎಳೆದು. ಅತ್ತೆ ಚಾದರವನ್ನೂ ಎತ್ತಿ ತೋರಿಸಿದರು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು, "ಅಕ್ಕಾ, ಡೀಲರ್ ನಿನ್ನೆಯಿಂದ ಮೂರು ಸಲ ಫೋನ್ ಮಾಡಿದ್ದಾರೆ. ನಿಮ್ಮದು ಹಳೆಯ ಮಾದರಿ ಅಂತೆ. ಹೊಸದರಲ್ಲಿ ಜೋಳದ ರೊಟ್ಟಿ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ."

ಒಂದು ಕಿಲೋ ಹಿಟ್ಟು ಒಯ್ದು ಅವರ ಮುಂದೆಯೇ ಮಾಡಿಸಿ ನೋಡು ಎಂದು ನನ್ನ ಗಿರಣಿಯ ಹಿಟ್ಟನ್ನು ಚೀಲಕ್ಕೆ ಹಾಕಿ ಕೊಟ್ಟಿದ್ದೇನೆ. ಸೋಮವಾರ ಹೋಗುತ್ತಾಳಂತೆ.